ಸ್ಟೆಂಟ್ ಗ್ರಾಫ್ಟ್ ಇರುವವರ ಕೈಗೊಂದು ಕನ್ನಡದ ಕಾರ್ಡ್ ಕೊಡಿಸಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ಹೊಟ್ಟೆಯಲ್ಲಿ ಮಹಾಪಧಮನಿ ಉಬ್ಬಿ ಒಡೆಯುವ ಅಪಾಯವಿರುವ ಅನೇಕರಿಗೆ ಈಗ ಹೊಟ್ಟೆ ಕೊಯ್ಯಬೇಕಿಲ್ಲ. ತೊಡೆಸಂದಿನ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್ ಎಂಬ, ಬಟ್ಟೆ ಹೊದಿಸಿದ ಲೋಹದ ಕೊಳವೆಯನ್ನು ತೂರಿಸಿ, ಉಬ್ಬಿದ ಜಾಗದಲ್ಲಿ ಅರಳಿಸಿ ಕೂರಿಸುತ್ತಾರೆ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಡಾ. ಹುವಾನ್ ಪರೋಡಿ ಮಾಡಿ ತೋರಿಸಿದ ಈ ವಿಧಾನ ಎಷ್ಟೋ ಹಿರಿಯ ಜೀವಗಳನ್ನು ಉಳಿಸಿದೆ. ನನ್ನ ಆತಂಕ ಆಮೇಲಿನ ವರ್ಷಗಳದ್ದು.

ಆ ಗ್ರಾಫ್ಟಿಗೆ ಸೋಂಕು ತಗಲುವುದು ಅಪರೂಪ, ಹೆಚ್ಚೆಂದರೆ ನೂರಕ್ಕೊಬ್ಬರಿಗೆ. ಆದರೆ ತಗಲಿದರೆ ಬದುಕುಳಿಯುವುದೇ ಕಷ್ಟ. ಗ್ರಾಫ್ಟಿನ ಕೃತಕ ಬಟ್ಟೆಗೆ ರಕ್ತ ಸಂಚಾರವಿಲ್ಲ. ಬ್ಯಾಕ್ಟೀರಿಯಾ ಅದರ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಔಷಧಿಗೆ ಸಿಗದೆ ಕೂರುತ್ತದೆ. ಸಾಮಾನ್ಯವಾಗಿ ಹೊಟ್ಟೆ ತೆರೆದು ಗ್ರಾಫ್ಟ್ ಕಿತ್ತು, ಕಾಲುಗಳಿಗೆ ರಕ್ತ ಹರಿಯಲು ಬೇರೆ ದಾರಿ ಮಾಡಬೇಕು. ಯಾವ ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರರೆಂದು ಗ್ರಾಫ್ಟ್ ಹಾಕಿದ್ದರೋ, ಅದಕ್ಕಿಂತ ದೊಡ್ಡದು ಅವರ ಪಾಲಿಗೆ ಬರುತ್ತದೆ.

ಶುರುವಾಗುವುದು ಸಣ್ಣ ಜ್ವರ, ಬೆನ್ನುನೋವು, ಊಟ ಸೇರದಿರುವುದು, ಇಷ್ಟರಿಂದಲೇ. ನಾನಿರುವ ತಾಲ್ಲೂಕು ಆಸ್ಪತ್ರೆಗೆ ಹೀಗೆ ಬಂದ ಹಿರಿಯರೊಬ್ಬರು "ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ ಡಾಕ್ಟ್ರೇ" ಎಂದರು. ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಆದ ಮೇಲೆ ಮಡಿಕೆ ಹರಿದ ಡಿಸ್‌ಚಾರ್ಜ್ ಸಮ್ಮರಿ ಹೊರಬಂತು. ಅದರಲ್ಲಿ, ಇಂಗ್ಲಿಷಿನ ಒಂದೇ ಸಾಲಿನಲ್ಲಿ, ಹೊಟ್ಟೆಯ ಗ್ರಾಫ್ಟ್ ಇತ್ತು. ಅಷ್ಟರಲ್ಲಿ ಬೇರೆಡೆ ಎರಡು ಕೋರ್ಸ್ ಆ್ಯಂಟಿಬಯಾಟಿಕ್ ಮುಗಿದಿತ್ತು. ಹಾಗೆ ಔಷಧಿ ಬಿದ್ದ ಮೇಲೆ, ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರಿನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ವಾರಗಳು ಕಳೆದುಹೋಗುತ್ತವೆ. ನಮ್ಮ ಕರಾವಳಿಯಲ್ಲಂತೂ ಮಳೆಗಾಲಕ್ಕೆ ಮಣ್ಣು-ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕೂ ಇದೆ. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಹಿಡಿಯುವ ಅದು ಮಹಾಪಧಮನಿಯನ್ನೂ ಬಿಡುವುದಿಲ್ಲ, ಮಾಮೂಲಿ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವುದೂ ಇಲ್ಲ.

ಆದ್ದರಿಂದ ಸರ್ಕಾರಿಯಾಗಲಿ ಖಾಸಗಿಯಾಗಲಿ, ಗ್ರಾಫ್ಟ್ ಹಾಕುವ ಪ್ರತಿ ಆಸ್ಪತ್ರೆಯೂ ರೋಗಿಯ ಕೈಗೆ ಕನ್ನಡದ ಕಾರ್ಡ್ ಕೊಡುವುದನ್ನು ಕಡ್ಡಾಯ ಮಾಡಿ. ಗ್ರಾಫ್ಟ್ ಎಲ್ಲಿದೆ, ಎಂದು ಹಾಕಿದ್ದು, ಯಾರಿಗೆ ಫೋನ್ ಮಾಡಬೇಕು, ಮುಂದಿನ ಸ್ಕ್ಯಾನ್ ಯಾವಾಗ ಎಂಬುದು ಅದರಲ್ಲಿರಲಿ. ಕೆಳಗೆ ದಪ್ಪಕ್ಷರದಲ್ಲಿ ಹೀಗಿರಲಿ: ಜ್ವರ ಬಂದರೆ ಮೊದಲು ಬ್ಲಡ್ ಕಲ್ಚರ್, ಆಮೇಲೆ ಆ್ಯಂಟಿಬಯಾಟಿಕ್, ಕಾರಣ ಸಿಗದಿದ್ದರೆ ಸಿಟಿ ಸ್ಕ್ಯಾನ್. ಕಲ್ಚರಿಗೆ ರಕ್ತ ತೆಗೆಯಲು ಕೆಲವೇ ನಿಮಿಷ ಸಾಕು. ತೀರಾ ಬಿಗಡಾಯಿಸಿದ ರೋಗಿಗೂ ಇದರಿಂದ ಚಿಕಿತ್ಸೆ ತಡವಾಗದು. ತಾಲ್ಲೂಕು ಆಸ್ಪತ್ರೆಗಳಿಗೆ ಕಲ್ಚರ್ ಬಾಟಲಿಗಳನ್ನೂ, ಅವನ್ನು ಜಿಲ್ಲಾ ಲ್ಯಾಬಿಗೆ ತಲುಪಿಸುವ ವ್ಯವಸ್ಥೆಯನ್ನೂ ಒದಗಿಸಿ.

ಈ ಮಳೆಗಾಲಕ್ಕೆ ಮುಂಚೆಯೇ ಸುತ್ತೋಲೆ ಹೊರಡಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ಸರ್ಕಾರಿ ವೈದ್ಯ