ಕೊಳ್ಳುವ ಮುನ್ನ ತೊಳೆಯುವ ವಿಚಾರ

ಕೆಂಡವಿಲ್ಲದೆ, ಹೊಗೆಯಿಲ್ಲದೆ, ಮನೆಯೊಳಗೆ ಕುಳಿತೇ ಬದನೆಕಾಯಿಯನ್ನೂ ಮೆಕ್ಕೆಜೋಳದ ತೆನೆಯನ್ನೂ ಪನೀರಿನ ತುಂಡುಗಳನ್ನೂ ಸುಟ್ಟು ತಿನ್ನಬಹುದೆಂಬ ಭರವಸೆಯನ್ನು ಹೊತ್ತು, ಕರೆಂಟಿನ ಗ್ರಿಲ್ ಎಂಬ ಉಪಕರಣವು ನಮ್ಮ ಗದಗ-ಬೆಟಗೇರಿಯ ಮಧ್ಯಮವರ್ಗದ ಅಡುಗೆಮನೆಗಳಿಗೂ ಬಂದು ಸೇರುತ್ತಲಿದೆ. ಕೊಳ್ಳುವವರು ಅಂಗಡಿಯಲ್ಲಿ ನಿಂತು ಬೆಲೆಯೆಷ್ಟು, ಗ್ಯಾರಂಟಿ ಎಷ್ಟು ವರ್ಷದ್ದು, ಕರೆಂಟು ಎಷ್ಟು ಎಳೆಯುತ್ತದೆ ಎಂದು ಕೇಳುವುದುಂಟು. ಎಲ್ಲಕ್ಕಿಂತ ಮೊದಲು ಕೇಳತಕ್ಕ ‘ಇದನ್ನು ತೊಳೆಯುವುದು ಹೇಗೆ?’ ಎಂಬ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ. ಆ ಪ್ರಶ್ನೆಗೆ ಸಮಾಧಾನಕರವಾದ ಉತ್ತರ ದೊರೆಯದ ಉಪಕರಣವನ್ನು, ಅದು ಎಷ್ಟೇ ಅಗ್ಗದ್ದಾಗಿರಲಿ, ಎಷ್ಟೇ ಹೆಸರಾಂತ ಕಂಪನಿಯದಾಗಿರಲಿ, ನಮ್ಮೂರಿನಂಥ ಊರಿನಲ್ಲಿ ಮನೆಗೆ ತರಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮೂರಿನಂಥ ಊರು ಎಂದುದಕ್ಕೆ ಕಾರಣವುಂಟು. ಮುಂಡರಗಿ ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಿಂದ ಎತ್ತಿ ತಂದ ನೀರು ಅವಳಿ ನಗರದ ನಳಗಳಿಗೆ ದಿನಂಪ್ರತಿ ಬರುವಂಥದಲ್ಲ. ಹಲವು ದಿನಗಳಿಗೊಮ್ಮೆ ಬಂದುದನ್ನು ಬ್ಯಾರಲ್ಲು, ಕೊಡ, ತೊಟ್ಟಿಗಳಲ್ಲಿ ತುಂಬಿಟ್ಟು, ಮುಂದಿನ ಸರದಿಯವರೆಗೆ ಅಳೆದು ತೂಗಿ ಬಳಸುವುದು ಇಲ್ಲಿಯ ಗೃಹಿಣಿಯರಿಗೆ ರೂಢಿಯಾಗಿಹೋಗಿದೆ. ಇಂಥಲ್ಲಿ ಒಂದು ಸಾಯಂಕಾಲದ ಜಿಹ್ವಾಚಾಪಲ್ಯಕ್ಕಾಗಿ ಮರುದಿನ ಮುಂಜಾನೆ ಕೊಡಗಟ್ಟಲೆ ನೀರನ್ನು ಬಚ್ಚಲಿಗೆ ಹರಿಸುವುದು ಅನ್ಯಾಯ. ಅದಕ್ಕಿಂತ ಮಿಗಿಲಾದ ಅನ್ಯಾಯವೆಂದರೆ, ಅತಿಥಿಗಳೆದುರು ಉತ್ಸಾಹದಿಂದ ಸುಟ್ಟು ಬಡಿಸಿದ ಯಜಮಾನರು ಕೈತೊಳೆದು ಎದ್ದುಹೋಗಿ, ಆರಿ ಗಟ್ಟಿಯಾದ ಕರಕನ್ನು ಕೆರೆಯುವ ಕೆಲಸ ಮನೆಯಾಕೆಯ ಪಾಲಿಗೋ ಭಾಂಡೆ ತಿಕ್ಕಲು ಬರುವಾಕೆಯ ಪಾಲಿಗೋ ಉಳಿಯುವುದು. ಸುಟ್ಟವರೇ ಒರೆಸತಕ್ಕದ್ದು, ಅದೂ ಅಂದಿನ ರಾತ್ರಿಯೇ.

ಅಂದಿನ ರಾತ್ರಿಯೇ ಎಂಬುದು ಕೇವಲ ಶಿಸ್ತಿನ ಮಾತಲ್ಲ. ಅದರ ಹಿಂದೆ ಎಣ್ಣೆಯ ಸ್ವಭಾವವಿದೆ. ನಮ್ಮ ಎರೆಭೂಮಿಯ ಕುಸುಬೆಯಿಂದ ತೆಗೆದ ಎಣ್ಣೆ ರೊಟ್ಟಿ-ಪಲ್ಯದ ಊಟಕ್ಕೆ ಎಷ್ಟು ಒಗ್ಗುತ್ತದೆಯೋ, ತೆಳುವಾಗಿ ಹರಡಿ ಕಾಯಿಸಿದಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ, ಮತ್ತೆ ಗಟ್ಟಿಯಾಗಿ, ವಾರ್ನಿಷಿನಂತೆ ಹಿಡಿದುಕೊಳ್ಳುವ ಗುಣವೂ ಅದರಲ್ಲಿ ಅಷ್ಟೇ ಪ್ರಬಲವಾಗಿದೆ. ಇದೇ ಗುಣದ ದೆಸೆಯಿಂದ ಕುಸುಬೆ ಎಣ್ಣೆಯನ್ನು ಬಣ್ಣ, ವಾರ್ನಿಷುಗಳ ತಯಾರಿಕೆಯಲ್ಲಿಯೂ ಬಳಸುತ್ತ ಬಂದಿದ್ದಾರೆ. ಶೇಂಗಾ ಎಣ್ಣೆ ಇಷ್ಟು ಬೇಗನೆ ಗಟ್ಟಿಯಾಗುವುದಿಲ್ಲ. ಗಾಣದ ಎಣ್ಣೆ ಯಾವುದೇ ಆಗಲಿ, ಶುದ್ಧೀಕರಿಸಿದ ಎಣ್ಣೆಗಿಂತ ಕಡಿಮೆ ಉಷ್ಣತೆಯಲ್ಲಿಯೇ ಹೊಗೆಯಾಡತೊಡಗುತ್ತದೆ. ಆದುದರಿಂದ ಎಣ್ಣೆಯನ್ನು ಗ್ರಿಲ್ಲಿನ ತಟ್ಟೆಯ ಮೇಲೆ ಸುರಿಯದೆ, ಸುಡುವ ಪದಾರ್ಥಕ್ಕೇ ತೆಳುವಾಗಿ ಸವರುವುದು ಲೇಸು. ಶುಚಿತ್ವವು ಪ್ರಾರಂಭವಾಗುವುದು ಊಟವಾದ ಮೇಲಲ್ಲ, ಎಣ್ಣೆಯ ಬಟ್ಟಲಿಗೆ ಕೈಯಿಡುವಾಗಲೇ.

ತೊಳೆಯುವ ಕ್ರಮವನ್ನು ತುಸು ವಿಸ್ತಾರವಾಗಿಯೇ ಹೇಳಬಯಸುತ್ತೇನೆ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ತರುವಾಯ, ಕೈಯಿಟ್ಟರೆ ಬಿಸಿಯೆನಿಸಿದರೂ ಸುಡದಷ್ಟು ತಟ್ಟೆ ಆರುವವರೆಗೆ ಕಾಯಬೇಕು. ಕಾದ ತಟ್ಟೆಗೆ ತಣ್ಣೀರೆರೆದರೆ ಚುಂಯ್ಯೆಂದು ಕರಕೆಲ್ಲ ಎದ್ದುಬಂದಂತೆ ತೋರುವುದಾದರೂ, ಆ ಆಘಾತಕ್ಕೆ ಲೋಹವು ಸೊಟ್ಟಗಾಗಿ ಮೇಲಿನ ಲೇಪವು ಬಿರಿಯುವ ಭಯವಿದೆ. ಬೆಚ್ಚಗಿರುವಾಗಲೇ ಹಳೆಯ ಹತ್ತಿಯ ಅರಿವೆಯಿಂದ ಜಿಡ್ಡನ್ನೆಲ್ಲ ಒಣದಾಗಿ ಒರೆಸಿಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ಬಳಿಕ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಇನ್ನೊಂದು ಅರಿವೆಯನ್ನು ತಟ್ಟೆಯ ಮೇಲೆ ಹಾಸಿ ಕೆಲಹೊತ್ತು ಹಾಗೆಯೇ ಬಿಡಬೇಕು. ಉಬ್ಬುಗೆರೆಗಳ ನಡುವಿನ ತಗ್ಗುಗಳಲ್ಲಿ ಹಿಡಿದಿದ್ದ ಮಸಾಲೆ ನೆನೆದು ಸಡಿಲವಾದಾಗ, ಕಟ್ಟಿಗೆಯ ಸಟ್ಟುಗದ ತುದಿಗೆ ಅದೇ ಅರಿವೆಯನ್ನು ಸುತ್ತಿ ಒಂದೊಂದೇ ಸಾಲಿನಲ್ಲಿ ಎಳೆದರೆ ಬಂದುಬಿಡುತ್ತದೆ. ಇಷ್ಟಕ್ಕೆ ಒಂದು ತಂಬಿಗೆ ನೀರು ಧಾರಾಳವಾಯಿತು. ತಟ್ಟೆಯು ಕಳಚಿ ಬರುವಂಥದಾದರೆ ಆಮೇಲೆ ಸೋಪಿನ ನೀರಿನಲ್ಲಿ ತೊಳೆಯಬಹುದು; ಕಳಚಲು ಬಾರದಾದರೆ, ಒಳಗೆ ವಿದ್ಯುತ್ತಿನ ಕಾಯಿಲ್ ಇರುವುದರಿಂದ, ಯಾವ ಕಾರಣಕ್ಕೂ ಅದನ್ನು ನೀರಿನಲ್ಲಿ ಅದ್ದಕೂಡದು, ನಳದ ಕೆಳಗೆ ಹಿಡಿಯಕೂಡದು. ಕಳಚಿ ಬರುವ ತಟ್ಟೆಯ ಯಂತ್ರವನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಕೆಳಗಿನ ಜಿಡ್ಡಿನ ತಟ್ಟೆಯನ್ನು ಜನ ಮರೆಯುತ್ತಾರೆ. ಅದರಲ್ಲಿ ಸಂಗ್ರಹವಾದುದನ್ನು ಮೋರಿಗೆ ಸುರಿಯದೆ ಕಾಗದದಲ್ಲಿ ಹೀರಿಸಿ ಕಸಕ್ಕೆ ಹಾಕುವುದು ಯುಕ್ತ.

ಬೂದಿಯ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ವಿಶ್ವಾಸವನ್ನು ನಾನು ಅರಿಯದವನಲ್ಲ. ಹಿತ್ತಾಳೆಯ ಪಾತ್ರೆಗೂ ಕಬ್ಬಿಣದ ಸಾಮಾನಿಗೂ ಬೂದಿ ಒಳ್ಳೆಯದೇ. ಆದರೆ ಈ ತಟ್ಟೆಗಳು ಬಹುತೇಕ ಅಲ್ಯುಮಿನಿಯಮ್ಮಿನವು. ಬೂದಿಯಲ್ಲಿಯೂ ವಾಷಿಂಗ್ ಸೋಡಾದಲ್ಲಿಯೂ ಇರುವ ಕ್ಷಾರವು ಆ ಲೋಹವನ್ನು ತಿನ್ನುತ್ತದೆ. ತಂತಿಯ ಬ್ರಷ್ಷಂತೂ ನಾನ್‌ಸ್ಟಿಕ್ ಲೇಪವನ್ನು ಒಂದೇ ತಿಕ್ಕಿಗೆ ಗೀರಿಹಾಕುತ್ತದೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಅಕಸ್ಮಾತ್ತಾಗಿ ದೊರೆತ ವಸ್ತುವಿನಿಂದ ಹುಟ್ಟಿದ ಈ ಲೇಪವು ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬಲ್ಲುದು. ಅದಕ್ಕೂ ಮೀರಿ ಕಾದರೆ ಕ್ರಮೇಣ ಒಡೆಯತೊಡಗುತ್ತದೆ, ಅತಿಯಾಗಿ ಕಾದಾಗ ಹೊರಡುವ ಹೊಗೆ ಗಿಳಿ ಮೊದಲಾದ ಸಾಕುಪಕ್ಷಿಗಳ ಪ್ರಾಣಕ್ಕೇ ಎರವಾದೀತು. ಬರಿದಾದ ತಟ್ಟೆಯನ್ನು ಕಾಯಲಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಬಡಿದ ಜೋಳದ ರೊಟ್ಟಿಯನ್ನು ಇದರ ಮೇಲೆ ಬೇಯಿಸುವ ಸಾಹಸವೂ ಬೇಡ: ರೊಟ್ಟಿಗೆ ಬೇಕಾದ ಪ್ರಖರವಾದ ಶಾಖ ಈ ಲೇಪಕ್ಕೆ ಹಿತವಲ್ಲ; ಮೇಲೆ ನೀರು ಸವರಿದ ಮೆತ್ತನೆಯ ರೊಟ್ಟಿ ಉಬ್ಬುಗೆರೆಗಳ ಮೇಲೆ ಮಗುಚಲು ಬರುವುದೂ ಇಲ್ಲ. ಕಬ್ಬಿಣದ ಹಂಚು ತನ್ನ ಸ್ಥಾನದಲ್ಲಿಯೇ ಇರಲಿ.

ಹೊಗೆಯಿಲ್ಲದ ಉಪಕರಣವೆಂಬ ಮಾತು ನಿಜವಾಗುವುದು ತಟ್ಟೆ ಶುಭ್ರವಾಗಿದ್ದಾಗ ಮಾತ್ರ. ಇಲ್ಲಿ ಹೊಗೆ ಬರುವುದು ಉರಿಯಿಂದಲ್ಲ, ನಿನ್ನೆಯ ಜಿಡ್ಡು ಇಂದು ಮತ್ತೆ ಸುಡುವುದರಿಂದ. ಮಗ್ಗದ ಕೋಣೆಗೂ ಅಡುಗೆಮನೆಗೂ ಒಂದೇ ಗೋಡೆ ಅಡ್ಡವಾಗಿರುವ ಬೆಟಗೇರಿಯ ನೇಕಾರರ ಮನೆಗಳಲ್ಲಿ ಈ ಎಣ್ಣೆಹೊಗೆ ಹಾಸಿನ ಎಳೆಗಳ ಮೇಲೆ ಕುಳಿತರೆ, ಕೆಡುವುದು ಬರಿಯ ಗೋಡೆಯ ಸುಣ್ಣವಲ್ಲ, ದುಡಿಮೆಯೇ. ಕಿಟಕಿ ತೆರೆದಿಟ್ಟೇ ಸುಡಬೇಕು.

ವಿದ್ಯುತ್ತಿನ ಲೆಕ್ಕ ಸರಳವಾದುದು. 1500 ವಾಟಿನ ಗ್ರಿಲ್ ಎಡೆಬಿಡದೆ 40 ನಿಮಿಷ ಕಾದರೆ ಒಂದು ಯೂನಿಟ್; ಕಾಯುವಾಗ ಅದು ಸುಮಾರು ಆರೂವರೆ ಆಂಪಿಯರ್ ಎಳೆಯುವುದರಿಂದ ಹಳೆಯ ಮನೆಗಳ ಸಣ್ಣ ಸಾಕೆಟ್ಟು ಅದಕ್ಕೆ ಸಾಲದು, ಅರ್ಥಿಂಗ್ ಇರುವ 16 ಆಂಪಿಯರಿನ ಸಾಕೆಟ್ಟೇ ಬೇಕು. 2023ರಿಂದ ಜಾರಿಯಲ್ಲಿರುವ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯನ್ನು ನೆಚ್ಚಿ ಮಿತಿಯಿಲ್ಲದೆ ಬಳಸುವವರು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ತಾವೇ ಕಟ್ಟಬೇಕೆಂಬುದನ್ನು ನೆನಪಿನಲ್ಲಿಡಬೇಕು.

ತೊಳೆಯುವ, ಕಾಯಿಸುವ ಬಗೆಗಿನ ಇಂಥ ಎಚ್ಚರಿಕೆಗಳು ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ಇರುತ್ತವೆ. ಇರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ತೊಳೆಯುವ ಕೈಗಳಿಗೆ ಆ ಭಾಷೆಗಳು ಬಾರವು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕುಗಳ ಹೆಸರೂ ಬಳಕೆಯ ಸೂಚನೆಗಳೂ ಕನ್ನಡದಲ್ಲಿಯೂ ಇರಬೇಕೆನ್ನುತ್ತದೆ. ಹೊರಗಿನಿಂದ ಬಂದು ಇಲ್ಲಿ ಬಿಕರಿಯಾಗುವ ವಿದ್ಯುತ್ ಉಪಕರಣಗಳಿಗೂ ಈ ಕಟ್ಟಳೆ ವಿಸ್ತರಿಸಬೇಕು, ಏಕೆಂದರೆ ಓದಲಾಗದ ಎಚ್ಚರಿಕೆಯಿಂದಾಗುವ ಅಪಾಯ ಸರಕು ಎಲ್ಲಿ ತಯಾರಾಯಿತೆಂದು ವಿಚಾರಿಸುವುದಿಲ್ಲ. ಅಲ್ಲಿಯವರೆಗೆ ಕೊಳ್ಳುವವರು ಅಂಗಡಿಯಲ್ಲಿಯೇ ಪೆಟ್ಟಿಗೆ ತೆರೆಸಿ, ತಟ್ಟೆಯನ್ನು ಕಳಚಿ ಮರಳಿ ಜೋಡಿಸಿ ತೋರಿಸುವಂತೆ ನಿಸ್ಸಂಕೋಚವಾಗಿ ಹೇಳಬೇಕು; ಲೇಪ ಸವೆದ ಮೇಲೆ ತಟ್ಟೆಯೊಂದೇ ಬಿಡಿಯಾಗಿ ಸಿಗುವುದೇ ಎಂಬುದನ್ನೂ ಹಣ ಕೊಡುವ ಮೊದಲೇ ಕೇಳಿ, ಆ ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು.