ಪ್ರಾಣವೆಂಬ ಕಂಪನಿ, ಮೃತ್ಯುವೆಂಬ ಮೇಳ

ಕ್ಷೀರಸಾಗರ ಭಟ್ಟನ ಮನೆಯಲ್ಲಿ ಮಜ್ಜಿಗೆಗೂ ತತ್ವಾರವೆಂಬ ಗಾದೆಯನ್ನು ಕೇಳದವರಾರು? ಹೆಸರೊಂದು, ಹಣೆಬರಹವೊಂದು ಎಂಬುದಕ್ಕೆ ಅದಕ್ಕಿಂತಲೂ ಸೊಗಸಾದ ಎರಡು ನಿದರ್ಶನಗಳು ಪರದೇಶದಲ್ಲಿ ದೊರೆಯುತ್ತವೆ. ಒಂದು ಭಯಾನಕ ಚಲಚ್ಚಿತ್ರದ ಕಥೆ. ಇನ್ನೊಂದು ಕಿವಿಗಡಚಿಕ್ಕುವ ಸಂಗೀತದ ಕಥೆ. ಸಂಸಾರಸ್ಥರ ಹಜಾರದಲ್ಲಿ ಇವೆರಡಕ್ಕೂ ಅಷ್ಟಾಗಿ ಆದರ ದೊರೆಯಲಾರದು. ಆದರೂ ಈ ವಾರ ಇವುಗಳ ವಿಷಯವನ್ನೇ ವಾಚಕರ ಮುಂದಿಡುವುದಕ್ಕೆ ಕಾರಣವುಂಟು.

1921ರಲ್ಲಿ ಜರ್ಮನಿಯಲ್ಲಿ ಒಂದು ಚಿತ್ರಸಂಸ್ಥೆ ಹುಟ್ಟಿತು. ಅದರ ಹೆಸರು ‘ಪ್ರಾಣ ಫಿಲ್ಮ್’. ನಮ್ಮ ಸಂಸ್ಕೃತದ ‘ಪ್ರಾಣ’ವೇ ಅದು. ಅದರ ಸ್ಥಾಪಕರಲ್ಲೊಬ್ಬನಾದ ಆಲ್ಬಿನ್ ಗ್ರೌ ಎಂಬ ಚಿತ್ರಕಾರನಿಗೆ ಗೂಢವಿದ್ಯೆಗಳಲ್ಲಿ ಅಪಾರ ಆಸಕ್ತಿ. ಈ ಸಂಸ್ಥೆ ತಯಾರಿಸಿದ್ದು ಒಂದೇ ಒಂದು ಚಿತ್ರ, ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’. ರಕ್ತ ಹೀರುವ ಪಿಶಾಚಿಯ ಈ ಮೂಕಚಿತ್ರ 1922ರ ಮಾರ್ಚ್ 4ರಂದು ಬರ್ಲಿನ್ನಿನ ಮೃಗಾಲಯದ ಸಭಾಂಗಣದಲ್ಲಿ ಮೊದಲ ಪ್ರದರ್ಶನ ಕಂಡಿತು. ಬೋಳು ತಲೆ, ಇಲಿಯಂಥ ಹಲ್ಲು, ಗೇಣುದ್ದದ ಉಗುರುಗಳ ಪಿಶಾಚಿಯಾಗಿ ನಟಿಸಿದಾತನ ಹೆಸರು ಮ್ಯಾಕ್ಸ್ ಶ್ರೆಕ್. ಜರ್ಮನ್ ಭಾಷೆಯಲ್ಲಿ ‘ಶ್ರೆಕ್’ ಎಂದರೆ ಭೀತಿ. ಆತನ ಮನೆತನದ ಹೆಸರೇ ಅದಾಗಿತ್ತೆಂಬುದು ಇನ್ನೊಂದು ಸೋಜಿಗ!

ಆದರೆ ಕಥೆ ಮಾತ್ರ ಸ್ವಂತದ್ದಲ್ಲ. ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯನ್ನೇ ಹೆಸರುಗಳನ್ನು ಬದಲಿಸಿ ತೆರೆಗೆ ತಂದಿದ್ದರು, ಅನುಮತಿ ಪಡೆದಿರಲಿಲ್ಲ. ಗ್ರಂಥಕರ್ತನು 1912ರಲ್ಲೇ ತೀರಿಕೊಂಡಿದ್ದನು. ಆತನ ವಿಧವೆ ಫ್ಲಾರೆನ್ಸ್ ಸ್ಟೋಕರ್ ನ್ಯಾಯಾಲಯದ ಮೆಟ್ಟಿಲೇರಿದರು. ಗಂಡನ ಪುಸ್ತಕದ ಆದಾಯವನ್ನು ಆಶ್ರಯಿಸಿದ್ದ ಆಕೆಯ ಮೊಕದ್ದಮೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಅಷ್ಟರಲ್ಲಿ ‘ಪ್ರಾಣ’ ದಿವಾಳಿಯೆದ್ದು ಪ್ರಾಣ ಬಿಟ್ಟಿತ್ತು. ಪರಿಹಾರದ ಹಣ ಸಿಗುವಂತಿರಲಿಲ್ಲ. 1925ರಲ್ಲಿ ತೀರ್ಪು ಹೊರಬಿದ್ದಿತು: ಚಿತ್ರದ ಸಮಸ್ತ ಪ್ರತಿಗಳನ್ನೂ ನಾಶಪಡಿಸತಕ್ಕದ್ದು.

ಚಿತ್ರವೊಂದಕ್ಕೆ ಮರಣದಂಡನೆ! ಆದರೆ ಕೆಲವು ಪ್ರತಿಗಳು ಅದಾಗಲೇ ಗಡಿ ದಾಟಿ ಪರದೇಶ ಸೇರಿದ್ದವು. ಹಾಗೆ ಉಳಿದುಕೊಂಡ ಸುರುಳಿಗಳಿಂದಲೇ ಮುಂದೆ ಚಿತ್ರವನ್ನು ಮತ್ತೆ ಜೋಡಿಸಿದರು. ಇಂದು ಅದು ಲೋಕದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿದೆ. ಸೂರ್ಯನ ಬೆಳಕು ಬಿದ್ದೊಡನೆ ರಕ್ತಪಿಶಾಚಿ ನಾಶವಾಗುವುದೆಂಬ ಕಲ್ಪನೆ ಜನಜನಿತವಾದದ್ದು ಈ ಚಿತ್ರದಿಂದಲೇ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿಯೂ ಆರಾಮವಾಗಿ ಓಡಾಡುತ್ತಿದ್ದನು.

ಇನ್ನು ಎರಡನೆಯ ಕಥೆ ಅಮೆರಿಕದ ಡೆಟ್ರಾಯಿಟ್ ನಗರದ್ದು. ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ನೀಗ್ರೋವಂಶೀಯ ಸಹೋದರರು 1970ರ ದಶಕದಲ್ಲಿ ಒಂದು ವಾದ್ಯಮೇಳವನ್ನು ಕಟ್ಟಿದರು. ತಂದೆ ಅಪಘಾತದಲ್ಲಿ ಮಡಿದಾಗ, ಮೃತ್ಯುವನ್ನು ಅಂಜಿಕೆಯಿಂದ ನೋಡಬಾರದೆಂಬ ಭಾವ ಹಿರಿಯನಾದ ಡೇವಿಡ್‌ನಲ್ಲಿ ಬೇರೂರಿತು. ಮೇಳಕ್ಕೆ ‘ಡೆತ್’, ಅಂದರೆ ಮೃತ್ಯು ಎಂದೇ ಹೆಸರಿಟ್ಟನು.

ಒಂದು ಗಿಟಾರ್, ಒಂದು ಬೇಸ್, ಒಂದು ಡ್ರಮ್. ಮಿಂಚಿನ ವೇಗ, ರೋಷದ ದನಿ. ಇಂಥ ಸಂಗೀತಕ್ಕೆ ಮುಂದೆ ‘ಪಂಕ್’ ಎಂಬ ಹೆಸರು ಬಂದು, ನ್ಯೂಯಾರ್ಕ್ ಮತ್ತು ಲಂಡನ್ ನಗರಗಳನ್ನು ಅದರ ತವರೆಂದು ಕರೆದರು. ಈ ಸಹೋದರರಾದರೋ 1975ರಲ್ಲಿಯೇ ಏಳು ಹಾಡುಗಳನ್ನು ಧ್ವನಿಮುದ್ರಿಸಿದ್ದರು. ಹೆಸರು ಬದಲಿಸಿದರೆ ಮಾತ್ರ ಮುಂದಿನ ಮಾತೆಂದು ದೊಡ್ಡ ಧ್ವನಿಮುದ್ರಣ ಕಂಪನಿಯವರು ಷರತ್ತು ಹಾಕಿದರು. ಡೇವಿಡ್ ಒಪ್ಪಲಿಲ್ಲ. 1976ರಲ್ಲಿ ಸಹೋದರರು ತಾವೇ ಎರಡು ಹಾಡುಗಳ ತಟ್ಟೆಯನ್ನು ಐನೂರು ಪ್ರತಿಗಳಷ್ಟು ಮುದ್ರಿಸಿಕೊಂಡರು. ಕೇಳುವವರಿಲ್ಲ. ಮೇಳ ಚದುರಿತು. ಡೇವಿಡ್ 2000ದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದನು. ಅದಕ್ಕೆ ಮುಂಚೆ ಮೂಲ ಟೇಪುಗಳನ್ನು ತಮ್ಮ ಬಾಬಿಯ ಕೈಗಿತ್ತು, ಒಂದು ದಿನ ಲೋಕ ಇವನ್ನು ಹುಡುಕಿಕೊಂಡು ಬರುವುದೆಂದು ಹೇಳಿದ್ದನು.

ಲೋಕ ಬಂದಿತು. ಆ ಐನೂರು ತಟ್ಟೆಗಳಲ್ಲಿ ಕೆಲವು ಅಪರೂಪದ ಧ್ವನಿಮುದ್ರಿಕೆ ಸಂಗ್ರಹಿಸುವ ಹವ್ಯಾಸಿಗಳ ಕೈಸೇರಿದ್ದವು. ಅವರು ಒಬ್ಬರಿಂದೊಬ್ಬರಿಗೆ ಕೇಳಿಸುತ್ತ ಹೋದರು. 2008ರಲ್ಲಿ ಬಾಬಿಯ ಮಗನೇ ಆ ಹಾಡನ್ನು ಕೇಳಿ, ಹಾಡುತ್ತಿರುವುದು ತನ್ನ ತಂದೆಯೆಂದು ಗುರುತಿಸಿ ಬೆರಗಾದನು. ಅಟ್ಟ ಸೇರಿದ್ದ ಟೇಪುಗಳು ಕೆಳಗಿಳಿದವು. 2009ರಲ್ಲಿ ಏಳೂ ಹಾಡುಗಳು ಪ್ರಕಟವಾದವು. ಉಳಿದಿಬ್ಬರು ಸೋದರರು ಮತ್ತೆ ವೇದಿಕೆಯೇರಿದರು. ನೋಡಲು ಡೇವಿಡ್ ಮಾತ್ರ ಇರಲಿಲ್ಲ.

ಪ್ರಾಣ ಸತ್ತಿತು, ಮೃತ್ಯು ಬದುಕಿತು. ಎರಡನ್ನೂ ಉಳಿಸಿದ್ದು ಅಧಿಕಾರವಲ್ಲ, ಹಣವಲ್ಲ. ಯಾರದೋ ಮೂಲೆಯಲ್ಲಿ ಉಳಿದ ಒಂದು ಪ್ರತಿ, ಮತ್ತು ಅದನ್ನು ಇನ್ನೊಬ್ಬರಿಗೆ ತೋರಿಸಬೇಕೆಂಬ ಯಾರದೋ ಹಂಬಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಿಡುಗಡೆಯಾಯಿತು. ಅದನ್ನು ಸುಡಬೇಕೆಂದು ಯಾವ ನ್ಯಾಯಾಲಯವೂ ಆಜ್ಞಾಪಿಸಲಿಲ್ಲ. ಜನ ಮೆಚ್ಚಿ ನೋಡಿದ ಚಿತ್ರವದು. ಆದರೂ ಇಂದು ಅದರ ಒಂದು ಪ್ರತಿಯೂ ನಮ್ಮಲ್ಲಿಲ್ಲ. ಆ ಕಾಲದ ನೈಟ್ರೇಟ್ ಸುರುಳಿಗಳು ಬೇಗ ಕೊಳೆಯುತ್ತಿದ್ದವು, ಬೇಗ ಹೊತ್ತಿಕೊಳ್ಳುತ್ತಿದ್ದವು. ಅದರೊಳಗಿನ ಬೆಳ್ಳಿಯ ಅಂಶಕ್ಕಾಗಿ ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಮೂವತ್ತು ವರ್ಷಗಳ ಬಳಿಕ. ದಂಡನೆಗೆ ಗುರಿಯಾದ ಪಿಶಾಚಿ ಉಳಿಯಿತು. ಮನ್ನಣೆ ಪಡೆದ ನಮ್ಮ ಸುಲೋಚನೆ ಉಳಿಯಲಿಲ್ಲ.

ಆದುದರಿಂದ, ವಾಚಕರೇ, ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ತಟ್ಟೆ, ನಾಟಕದ ಕರಪತ್ರ, ಚಿತ್ರಗಳ ಪದ್ಯಾವಳಿ ಕೈಗೆ ಸಿಕ್ಕರೆ, ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಮೇಲಿನ ಹೆಸರನ್ನೊಮ್ಮೆ ಓದಿ ನೋಡಿ. ತಮಗೆ ಹಿಡಿಸಬೇಕಾದುದಿಲ್ಲ. ಹಿಡಿಸುವ ಹುಚ್ಚರು ನೆರೆಮನೆಯಲ್ಲಿಯೇ ಇರಬಹುದು. ಅವರ ಕೈಗೆ ಕೊಟ್ಟರೆ ಸಾಕು.