ವಾಹನದೊಳಗಿನ ಮಾತಿಗೆ ಬೀಗ ಯಾರದ್ದು?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಾರ್ಕಳದಿಂದ ಮಣಿಪಾಲಕ್ಕೆ ನಾನು ಹತ್ತಿದ್ದ ಖಾಸಗಿ ಬಸ್ಸು ಬೈಲೂರು ದಾಟಿ ಹಿರಿಯಡ್ಕ ತಲುಪುವ ಮೊದಲೇ ಶಕ್ತಿಗುಂದಿತು. ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪ ಉರಿಯುತ್ತಿತ್ತು. ನಿಮಿಷ ನಿಮಿಷದ ಲೆಕ್ಕದಲ್ಲಿ ಓಡುವ ನಮ್ಮ ಜಿಲ್ಲೆಯ ಬಸ್ಸುಗಳಿಗೆ ಹತ್ತು ನಿಮಿಷದ ವಿಳಂಬವೆಂದರೆ ಹಿಂದಿನ ಬಸ್ಸಿನವರೊಡನೆ ಜಗಳಕ್ಕೆ ಅಷ್ಟೇ ಸಾಕು. ಫೋನು ಹೋದೊಡನೆ ಮೆಕ್ಯಾನಿಕ್ ಒಬ್ಬರು ಸ್ಕೂಟರಿನಲ್ಲಿ ಬಂದು, ಅಂಗೈಯಗಲದ ಸ್ಕ್ಯಾನರನ್ನು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರು. “ಕೋಡ್ ತೋರಿಸ್ತದೆ ಮಾರಾಯ್ರೆ, ಒಳಗೆ ಹೋಗ್ಲಿಕ್ಕೆ ಬಿಡುದಿಲ್ಲ. ಕಂಪನಿಯವರೇ ಆಗ್ಬೇಕು” ಎಂದರು. ನಾವೆಲ್ಲ ಮುಂದಿನ ಬಸ್ಸು ಹತ್ತಿದೆವು.

ಬಳಿಕ ಆ ಬಸ್ಸಿನ ಮಾಲೀಕರು ಹೇಳಿದ ಸಂಗತಿ ನನ್ನನ್ನು ಹೆಚ್ಚು ಕಾಡಿತು. ದೋಷದ ವಿವರ ಆ ಹೊತ್ತಿಗಾಗಲೇ ವಾಹನದಲ್ಲಿದ್ದ ಸಿಮ್ ಕಾರ್ಡಿನ ಮೂಲಕ ತಯಾರಕರ ಸರ್ವರನ್ನು ಸೇರಿತ್ತು. ಮಾಲೀಕರ ಮೊಬೈಲಿಗೆ ಬಂದದ್ದು ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ ಎಂಬ ಒಂದೇ ಸಾಲು. ಎದುರಿಗೆ ಕುಳಿತ ಮೆಕ್ಯಾನಿಕ್‌ಗೆ ಬಾಯಿ ಬಿಡದ ಯಂತ್ರ ನೂರಾರು ಮೈಲಿ ದೂರದ ಕಂಪ್ಯೂಟರಿಗೆ ಎಲ್ಲವನ್ನೂ ಒಪ್ಪಿಸಿತ್ತು.

ಇದು ಸಾಧ್ಯವಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇಂದಿನ ವಾಹನದಲ್ಲಿ ಎಂಜಿನ್, ಬ್ರೇಕ್, ಗೇರ್, ದೀಪ, ಬಾಗಿಲು ಎಂದು ಬೇರೆ ಬೇರೆ ಭಾಗಗಳಿಗೆ ಪುಟ್ಟ ಕಂಪ್ಯೂಟರುಗಳಿವೆ. ಅವು ಪರಸ್ಪರ ಮಾತನಾಡುವುದು ಹೊಸೆದ ಎರಡು ತಂತಿಗಳ ಮೇಲೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಗೆ ‘ಕ್ಯಾನ್’ ಎಂದು ಹೆಸರು. ಅದರ ತಂತಿಗೂ ‘ಬಸ್’ ಎಂದೇ ಕರೆಯುತ್ತಾರೆ. ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಎರಡೂ ಬಸ್ಸುಗಳು ಬಂದಿವೆ ಎಂಬುದು ಸ್ವಾರಸ್ಯಕರ. ಒಂದು ಘಟಕ ಆಡಿದ ಮಾತು ತಂತಿಯ ಮೇಲಿರುವ ಎಲ್ಲರಿಗೂ ಕೇಳುತ್ತದೆ. ಮೂಲ ಕ್ಯಾನ್ ವ್ಯವಸ್ಥೆಯಲ್ಲಿ ಒಂದು ಸಂದೇಶ ಹೊರಬಲ್ಲದ್ದು ಗರಿಷ್ಠ 8 ಬೈಟ್ ಮಾತ್ರ. ಆದರೆ ಇಂಥ ಸಂದೇಶಗಳು ಸೆಕೆಂಡಿಗೆ ಸಾವಿರಾರು ಹರಿಯಬಹುದು.

ಇವು ಹೊರಲೋಕಕ್ಕೆ ಹೋಗಬೇಕಾದರೆ ಇಂಟರ್ನೆಟ್ಟಿನ ಪ್ಯಾಕೆಟ್‌ಗಳ ರೂಪ ತಾಳಬೇಕು. ಆ ಕೆಲಸ ‘ಗೇಟ್‌ವೇ’ ಎಂಬ ಪೆಟ್ಟಿಗೆಯದು. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಯುಡಿಪಿ ವಿಧಾನದ ಒಂದು ಪ್ಯಾಕೆಟ್ಟಿಗೆ ವಿಳಾಸ, ತಪಾಸಣೆ ಇತ್ಯಾದಿಗಳಿಗಾಗಿಯೇ 46 ಬೈಟ್ ಬೇಕು. 8 ಬೈಟಿನ ಸುದ್ದಿಗೆ 46 ಬೈಟಿನ ಲಕೋಟೆ ದುಬಾರಿಯೆಂದು ಗೇಟ್‌ವೇ ಹತ್ತಾರು ಸಂದೇಶಗಳನ್ನು ಒಂದೇ ಕಂತೆ ಕಟ್ಟಿ ಕಳಿಸುತ್ತದೆ. ಸೀಟು ತುಂಬಲೆಂದು ಕಾಪು ಪೇಟೆಯಲ್ಲಿ ಕಾಯುವ ರಿಕ್ಷಾದಂತೆ, ಕಂತೆ ತುಂಬುವವರೆಗೆ ಮೊದಲು ಬಂದ ಸಂದೇಶ ಕಾಯಬೇಕಾಗುತ್ತದೆ. ಎಷ್ಟು ಹೊತ್ತು ಕಾಯಬೇಕು, ಯಾವುದು ಹೋಗಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನೆಲ್ಲ ಗೇಟ್‌ವೇಯ ತಂತ್ರಾಂಶ ಬರೆದವರು ನಿರ್ಧರಿಸುತ್ತಾರೆ.

ಕೇವಲ ತಾಂತ್ರಿಕ ವಿಷಯವೆಂದು ಇದನ್ನು ಎಂಜಿನಿಯರುಗಳಿಗೆ ಬಿಟ್ಟುಬಿಡುವಂತಿಲ್ಲ. ಕಾಪು ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಪಘಾತವೊಂದು ಸಂಭವಿಸಿತೆಂದು ಭಾವಿಸೋಣ. ಚಾಲಕ ಬ್ರೇಕ್ ಒತ್ತಿದ್ದು ಡಿಕ್ಕಿಗೆ ಮೊದಲೋ ನಂತರವೋ ಎಂಬ ಪ್ರಶ್ನೆಯ ಮೇಲೆ ಅವನ ಜೀವನೋಪಾಯವೂ ಗಾಯಾಳುವಿನ ಪರಿಹಾರವೂ ನಿಂತಿರುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ಸಾಗುತ್ತದೆ. ಪ್ರತಿಯೊಂದು ಸಂದೇಶಕ್ಕೂ ಅದು ಹುಟ್ಟಿದ ಕ್ಷಣದ ಮುದ್ರೆ ಒತ್ತದೆ, ಇಡೀ ಕಂತೆಗೆ ಒಂದೇ ಸಮಯ ನಮೂದಿಸಿದ್ದರೆ ಸೆಕೆಂಡಿಗೊಮ್ಮೆ ಹೊರಡುವ ಆ ದಾಖಲೆಯಿಂದ ಏನನ್ನು ಸಾಬೀತು ಮಾಡಲು ಸಾಧ್ಯ? ಯುಡಿಪಿ ವಿಧಾನದಲ್ಲಿ ಕಳಿಸಿದ್ದು ತಲುಪಿಯೇ ತೀರುತ್ತದೆಂಬ ಖಾತರಿಯೂ ಇಲ್ಲ. ಮಾಳದ ಘಾಟಿಯಲ್ಲಿ ಸಿಗ್ನಲ್ ತಪ್ಪಿದರೆ, ಉಳಿಸಿಕೊಂಡು ಮತ್ತೆ ಕಳಿಸುವ ಏರ್ಪಾಡಿಲ್ಲದ ಗೇಟ್‌ವೇಯಲ್ಲಿ ಕಂತೆ ಕಳೆದೇ ಹೋಗಬಹುದು.

ತಯಾರಕರ ವಾದದಲ್ಲೂ ಹುರುಳಿಲ್ಲದಿಲ್ಲ. ಮಾತನಾಡುತ್ತಿರುವವರು ಯಾರೆಂದು ಪರೀಕ್ಷಿಸುವ ಏರ್ಪಾಡು ಮೂಲ ಕ್ಯಾನ್ ವ್ಯವಸ್ಥೆಯಲ್ಲಿಲ್ಲ. ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವ್ಯಾಲಸೆಕ್ 2015ರಲ್ಲಿ ಮೊಬೈಲ್ ಜಾಲದ ಮೂಲಕ ಜೀಪ್ ಚೆರೊಕಿಯೊಂದರ ಮನರಂಜನಾ ಘಟಕವನ್ನು ಪ್ರವೇಶಿಸಿ, ಅಲ್ಲಿಂದ ಒಳಗಿನ ತಂತಿಗೆ ಸುಳ್ಳು ಸಂದೇಶ ಹರಿಸಿ, ಹೆದ್ದಾರಿಯಲ್ಲಿ ಓಡುತ್ತಿದ್ದ ವಾಹನವನ್ನು ನಿಧಾನಗೊಳಿಸಿ ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅನಂತರ ಗೇಟ್‌ವೇಗೆ ಬಲವಾದ ಬೀಗ ಬಿದ್ದದ್ದು ಸಹಜ. ವಿಶ್ವಸಂಸ್ಥೆಯ ಆಶ್ರಯದ 155ನೇ ವಾಹನ ನಿಯಮ 2021ರಲ್ಲಿ ಜಾರಿಗೆ ಬಂದಿತು. ಭಾರತವೂ ಅದೇ ಜಾಡಿನಲ್ಲಿ ಎಐಎಸ್-189 ಎಂಬ ಮಾನದಂಡ ರೂಪಿಸಿದೆ. ಬೀಗ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಎಲ್ಲ ಕೀಲಿಕೈಗಳೂ ಒಬ್ಬರ ಬಳಿಯೇ ಇರುವುದಕ್ಕೆ ತಕರಾರಿದೆ. ಸಂದೇಶವನ್ನು ಓದುವುದಕ್ಕೂ ಆಜ್ಞೆ ಕೊಡುವುದಕ್ಕೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ಬೀಗದೊಳಗೆ ಇಡಬೇಕಾದ ತಾಂತ್ರಿಕ ಅನಿವಾರ್ಯತೆ ಇಲ್ಲ.

ನಮ್ಮ ದೇಶಕ್ಕೆ ಈ ವ್ಯಾಜ್ಯ ಹೊಸತೂ ಅಲ್ಲ. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ತನ್ನ ಮುಂದೆ ಬಂದ ಕಂಪನಿಗಳ ದಂಡವನ್ನು ತಗ್ಗಿಸಿತಾದರೂ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಗುರುತಿಸಿದ ಕ್ಷೇತ್ರಗಳಲ್ಲಿ ವಾಹನವೂ ಸೇರಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೂ ಆರಂಭವಾಯಿತು. ಆದರೆ ಜಾಲತಾಣ ಕಾಯ್ದೆಯಲ್ಲ.

ಇತರ ದೇಶಗಳು ಇನ್ನೂ ಮುಂದೆ ಹೋಗಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ 2020ರಲ್ಲಿ, ವಾಹನ ನಿಸ್ತಂತುವಾಗಿ ಕಳಿಸುವ ದುರಸ್ತಿ ಮಾಹಿತಿ ಮಾಲೀಕರಿಗೂ ಅವರು ಆರಿಸಿದ ಗ್ಯಾರೇಜಿಗೂ ದೊರೆಯಬೇಕೆಂದು ಮತ ನೀಡಿದರು. ಯುರೋಪಿನ ದತ್ತಾಂಶ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಬಳಕೆದಾರರಿಗೆ ಇಂಥ ಹಕ್ಕನ್ನು ನೀಡಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಚಾಲಕನ ಗುರುತಿಗೆ ಜೋಡಿಸಿದ ಬ್ರೇಕ್ ಅಭ್ಯಾಸದ ದಾಖಲೆ ಅದರ ವ್ಯಾಪ್ತಿಗೆ ಬಂದೀತು. ಬಸ್ ಕಂಪನಿಯೊಂದರ ಎಂಜಿನ್ ಶಾಖದ ಅಂಕಿಅಂಶ ಬರುವುದು ಕಷ್ಟ. ಹೀಗಾಗಿ ಮೋಟಾರು ವಾಹನ ನಿಯಮಗಳಲ್ಲಿಯೇ ಇದಕ್ಕೆ ಜಾಗ ಮಾಡಬೇಕು. ಸಂದೇಶ ಹುಟ್ಟಿದ ಸಮಯದ ನಮೂದು ಕಡ್ಡಾಯವಾಗಲಿ, ಕಳಿಸಿದ ಮಾಹಿತಿಯ ಓದಬಲ್ಲ ಪ್ರತಿ ಮಾಲೀಕರಿಗೂ ಸಿಗಲಿ, ತರಬೇತಿ ಪಡೆದು ನೋಂದಾಯಿಸಿಕೊಂಡ ಮೆಕ್ಯಾನಿಕ್‌ಗೆ ನ್ಯಾಯವಾದ ಶುಲ್ಕಕ್ಕೆ ದುರಸ್ತಿಯ ಕೀಲಿಕೈ ದೊರೆಯಲಿ.

ತರಬೇತಿಯ ವಿಚಾರದಲ್ಲಂತೂ ನಮ್ಮ ಜಿಲ್ಲೆ ಬಡವಲ್ಲ. ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಕಾರ್ಕಳ, ಕಾಪುವಿನ ಗ್ಯಾರೇಜುಗಳು ಅಲ್ಲಿಂದ ಒಂದು ಬಸ್ ಪ್ರಯಾಣದ ದೂರದಲ್ಲಿವೆ.

ಕಾನೂನು ಬರುವವರೆಗೆ ಬಸ್ ಮಾಲೀಕರು ಸುಮ್ಮನೆ ಕೂರಬೇಕಿಲ್ಲ. ಹೊಸ ಚಾಸಿಗೆ ಮುಂಗಡ ಕೊಡುವ ಮೊದಲೇ ಎರಡು ಸಂಗತಿಗಳನ್ನು ಲಿಖಿತವಾಗಿ ಕೇಳಬಹುದು: ಈ ಗಾಡಿಯಿಂದ ಏನೇನು ಹೊರಗೆ ಹೋಗುತ್ತದೆ, ಅದರ ಪ್ರತಿ ನನಗೆ ಯಾವ ರೂಪದಲ್ಲಿ ಸಿಗುತ್ತದೆ? ಒಬ್ಬೊಬ್ಬರೇ ಕೇಳಿದರೆ ಮಾರಾಟಗಾರ ನಕ್ಕು ಸುಮ್ಮನಾದಾನು. ನೂರು ಬಸ್ಸುಗಳ ಮಾಲೀಕರು ಒಟ್ಟಾಗಿ ಕೇಳಿದರೆ ಉತ್ತರಿಸದೆ ಅವನಿಗೆ ಗತ್ಯಂತರವಿಲ್ಲ.